ಮನೆಪಾಠದ ಮಕ್ಕಳಿಗೆ ಹ್ಯಾಲೋವೀನ್

ನಮಸ್ಕಾರ. ಐದು ಮತ್ತು ಎಂಟು ವರ್ಷದ ಮಕ್ಕಳಿಗೆ ಮನೆಯಲ್ಲೇ ಪಾಠ, ಶಾಲೆಯ ವೇಷದ ಮೆರವಣಿಗೆ ಇಲ್ಲ, ಹ್ಯಾಲೋವೀನ್ (ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹಬ್ಬ) ಹೇಗೆ ಮಾಡೋದು ಅಂತ ಕೇಳಿದ್ದೀರಿ. ನಾವೂ ಅಮೆರಿಕದಲ್ಲಿ ಮನೆಪಾಠದವರೇ.

ನಮ್ಮಲ್ಲಿ ಪುಸ್ತಕ ಮೊದಲು, ವೇಷ ಆಮೇಲೆ. ಅಕ್ಟೋಬರ್ ಶುರುವಿನಲ್ಲೇ ಲೈಬ್ರರಿಗೆ ಹೋಗಿ. ತಡವಾದರೆ ಒಳ್ಳೆಯ ಪುಸ್ತಕಗಳು ಉಳಿದಿರುವುದಿಲ್ಲ. ಚಿಕ್ಕ ಮಗುವಿಗೆ ಜೂಲಿಯಾ ಡೊನಾಲ್ಡ್‌ಸನ್ ಅವರ ‘ರೂಮ್ ಆನ್ ದ ಬ್ರೂಮ್’ ಓದಿ. ಮಾಟಗಾತಿ, ಬೆಕ್ಕು, ನಾಯಿ, ಹಕ್ಕಿ, ಕಪ್ಪೆ ಎಲ್ಲ ಇವೆ. ಮನೆಮಂದಿಗೆಲ್ಲ ಒಂದೊಂದು ವೇಷ ಆಯಿತಲ್ವಾ! ಹಳೇ ಕಪ್ಪು ದುಪಟ್ಟಾ, ರಟ್ಟು, ಅಂಟು ಸಾಕು. ಸುಮ್ನೆ ದುಡ್ಡು ಕೊಟ್ಟು ತರಬೇಡಿ, ಮಕ್ಕಳೇ ಕತ್ತರಿಸಿ ಅಂಟಿಸಲಿ. ಒಳಗೆ ಸ್ವೆಟರ್ ಹಿಡಿಸುವಷ್ಟು ಸಡಿಲ ಇರಲಿ.

ದೊಡ್ಡ ಮಗುವಿಗೆ ಐರ್ಲೆಂಡಿನ ವಿಷಯ ಹೇಳಿ. ಅಲ್ಲಿ ಹ್ಯಾಲೋವೀನ್‌ಗೆ ಟರ್ನಿಪ್ ಗೆಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದರು. ಅಮೆರಿಕಕ್ಕೆ ವಲಸೆ ಬಂದವರಿಗೆ ಕುಂಬಳಕಾಯಿ ಸಿಕ್ಕಿತು. ಎರಡನ್ನೂ ಕೊರೆದು ನೋಡಿ, ಕುಂಬಳಕಾಯಿ ಯಾಕೆ ಗೆದ್ದಿತು ಅಂತ ಕೈಗೇ ಗೊತ್ತಾಗುತ್ತದೆ. ಟರ್ನಿಪ್ ಗಟ್ಟಿ, ಚಾಕು ನಿಮ್ಮ ಕೈಯಲ್ಲೇ ಇರಲಿ. ಕುಂಬಳದ ಬೀಜ ತೊಳೆದು ಒಣಗಿಸಿ, ಉಪ್ಪು ಖಾರ ಹಾಕಿ ಹುರಿಯಿರಿ.

31ರ ಸಂಜೆ ಬಾಗಿಲ ದೀಪ ಹಾಕಿರುವ ಮನೆಗಳಿಗೆ ಮಾತ್ರ ಹೋಗಿ. ದೀಪ ಆರಿಸಿದ್ದರೆ ಬರಬೇಡಿ ಅಂತಲೇ ಅರ್ಥ.