ಮದುವೆಗೂ ಕೋಟೆಗೂ ಒಯ್ಯುವ ದುಬಾರಿ ಕ್ಯಾಮೆರಾ ಬೀಳದಂತೆ ಏನು ಮಾಡಬೇಕು?

ದಾವಣಗೆರೆಯಲ್ಲಿ ಮದುವೆ ಫೋಟೋಗ್ರಫಿ, ಬಿಡುವಿದ್ದಾಗ ಚಿತ್ರದುರ್ಗದ ಕೋಟೆ, ಜೋಗಿಮಟ್ಟಿ ಬೆಟ್ಟ. ಈಗ ಸಾಲ ಮಾಡಿ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಬಾಡಿ, 70-200 ಎಫ್ 2.8 ಎಂಬ ಭಾರದ ಜೂಮ್ ಲೆನ್ಸ್ ತಗೊಂಡಿದ್ದೀರಿ. ಬಿದ್ದು ಒಡೆಯದಂತೆ ಯಾವ ಬ್ಯಾಗ್ ಕೊಳ್ಳಲಿ ಅಂತ ಕೇಳಿದ್ದೀರಿ. ಬ್ಯಾಗ್ ವಿಷಯ ಆಮೇಲೆ. ಕ್ಯಾಮೆರಾ ಬರೀ ಕೈಜಾರಿಯಷ್ಟೇ ಬೀಳುವುದಿಲ್ಲ, ಯಾವುದೋ ಒಂದು ಜೋಡಣೆ ಬಿಟ್ಟುಕೊಂಡೂ ಬೀಳುತ್ತದೆ. ಸ್ಟ್ರಾಪ್‌ನ ಬಕಲ್, ಟ್ರೈಪಾಡ್ ಪ್ಲೇಟಿನ ಸ್ಕ್ರೂ, ಲೆನ್ಸ್ ಕೂರುವ ಮೌಂಟಿನ ಲಾಕ್, ಬ್ಯಾಗಿನ ಜಿಪ್: ಮೊದಲು ಕಣ್ಣಿಡಬೇಕಾದ್ದು ಇವುಗಳ ಮೇಲೆ.

ಸ್ಟ್ರಾಪ್‌ನಿಂದ ಶುರು ಮಾಡಿ. ಪಟ್ಟಿಯ ತುದಿ ಬಕಲ್ ಒಳಗೆ ಹೋಗಿ, ಮಡಚಿ, ಮತ್ತೆ ಅದೇ ಬಕಲ್ ಒಳಗೆ ವಾಪಸ್ ಬರಬೇಕು. ತುದಿ ಕನಿಷ್ಠ 5 ಸೆಂ.ಮೀ. ಉಳಿದಿರಬೇಕು. ನೀಟಾಗಿ ಕಾಣಲಿ ಅಂತ ತುದಿಯನ್ನು ಗಿಡ್ಡ ಮಾಡಿದರೆ ಭಾರಕ್ಕೆ ಸ್ವಲ್ಪ ಸ್ವಲ್ಪವೇ ಜಾರಿ ಒಂದು ದಿನ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಕಟ್ಟಿದ ಮೇಲೆ ಹಾಸಿಗೆ ಮೇಲೆ ಹಿಡಿದು ಎರಡೂ ಕಡೆ ಜೋರಾಗಿ ಜಗ್ಗಿ ನೋಡಿ. ಪೀಕ್ ಡಿಸೈನ್ ಕಂಪನಿಯ ಥರದ, ಸ್ಟ್ರಾಪ್ ಬಿಚ್ಚಿ ಹಾಕುವ ದಾರದ ಕೊಂಡಿ (ಆ್ಯಂಕರ್) ಬಳಸಿದರೆ ದಾರ ಸವೆದು ಒಳಗಿನ ಬೇರೆ ಬಣ್ಣದ ಎಳೆ ಕಂಡ ದಿನವೇ ಬದಲಿಸಿ.

ಒಂದು ಭುಜದಿಂದ ಇಳಿಬಿಡುವ ಸ್ಲಿಂಗ್ ಸ್ಟ್ರಾಪ್ ಮದುವೆ ಮನೆಯಲ್ಲಿ ಅನುಕೂಲ, ಅನುಮಾನವಿಲ್ಲ. ಆದರೆ ಅದು ನಿಂತಿರುವುದು 1/4 ಇಂಚಿನ ಒಂದೇ ಸ್ಕ್ರೂ ಮೇಲೆ. ನಡೆಯುವಾಗ ಕ್ಯಾಮೆರಾ ಸೊಂಟದ ಹತ್ತಿರ ತಿರುಗುತ್ತಲೇ ಇರುತ್ತದೆ, ಆ ತಿರುಗಾಟವೇ ಸ್ಕ್ರೂವನ್ನು ಸಡಿಲಿಸುತ್ತದೆ. ಮಧ್ಯೆ ರಬ್ಬರ್ ವಾಷರ್ ಇರಬೇಕು, ಮುಹೂರ್ತಕ್ಕೆ ಮುಂಚೆ ಒಮ್ಮೆ, ಊಟದ ಹೊತ್ತಿಗೆ ಒಮ್ಮೆ ತಿರುವಿ ನೋಡಬೇಕು. ಜೊತೆಗೆ ಸ್ಟ್ರಾಪ್‌ನಿಂದ ಬಾಡಿಯ ಕಿವಿಗೆ (ಸ್ಟ್ರಾಪ್ ಸಿಕ್ಕಿಸುವ ಕೊಂಡಿಗೆ) ಒಂದು ಸೇಫ್ಟಿ ದಾರ ಕಟ್ಟಿ. ಸ್ಕ್ರೂ ಕಳಚಿದರೂ ಕ್ಯಾಮೆರಾ ಅದರಲ್ಲಿ ನೇತಾಡುತ್ತದೆ, ನೆಲ ಮುಟ್ಟುವುದಿಲ್ಲ. ಸ್ಕ್ರೂಗೆ ಅಂಟು ಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಬಿಚ್ಚುವಾಗ ಸ್ಕ್ರೂ ಕೂರುವ ತೂತಿಗೇ ಪೆಟ್ಟು.

ನಿಮ್ಮ 70-200, ಮಾದರಿಗೆ ತಕ್ಕಂತೆ, 1ರಿಂದ 1.5 ಕೆ.ಜಿ. ತೂಗುತ್ತದೆ. ಅದನ್ನು ಹಾಕಿದಾಗ ಸ್ಲಿಂಗನ್ನಾಗಲಿ ಟ್ರೈಪಾಡನ್ನಾಗಲಿ ಕ್ಯಾಮೆರಾದ ತಳಕ್ಕೆ ಜೋಡಿಸಬೇಡಿ, ಲೆನ್ಸಿಗೆ ತೊಡಿಸಿದ ಬಳೆ, ಅಂದರೆ ಲೆನ್ಸ್ ಕಾಲರ್‌ನ ಪಾದಕ್ಕೇ ಜೋಡಿಸಿ. ಇಲ್ಲದಿದ್ದರೆ ಅಷ್ಟೂ ಭಾರ ಮೌಂಟಿನ ಸಣ್ಣ ಸ್ಕ್ರೂಗಳ ಮೇಲೆ ಬೀಳುತ್ತದೆ. ಲೆನ್ಸ್ ಬದಲಿಸುವಾಗ "ಟಕ್" ಎನ್ನುವ ಸದ್ದು ಬರುವವರೆಗೂ ತಿರುಗಿಸಿ, ಆಮೇಲೆ ಗುಂಡಿ ಒತ್ತದೆ ಹಿಂದಕ್ಕೆ ತಿರುಗಿಸಿ ನೋಡಿ. ಅಲ್ಲಾಡಬಾರದು. ಗಡಿಬಿಡಿಯಲ್ಲಿ ಲಾಕ್ ಆಗುವ ಸ್ವಲ್ಪ ಮುಂಚೆಯೇ ಬಿಟ್ಟ ಲೆನ್ಸ್ ಕೂಡ ಫೋಕಸ್ ಮಾಡಬಹುದು, ಹಾಗಾಗಿ ಫೋಟೋ ಬಂತು ಅಂತ ಲಾಕ್ ಆಗಿದೆ ಅಂದುಕೊಳ್ಳಬೇಡಿ.

ಕಲ್ಯಾಣ ಮಂಟಪದಲ್ಲಿ ನಿಜವಾದ ಶತ್ರು ಮೇಜಿನ ಅಂಚಿನಿಂದ ಜೋತುಬಿದ್ದ ಸ್ಟ್ರಾಪ್. ಮಗು ಎಳೆಯುತ್ತದೆ, ಹಾಯ್ದು ಹೋಗುವವರ ಸೆರಗಿಗೋ ಕುರ್ಚಿಯ ಹಿಡಿಗೋ ಸಿಕ್ಕಿಕೊಳ್ಳುತ್ತದೆ. ಕ್ಯಾಮೆರಾ ಕೆಳಗಿಡುವಾಗ ಸ್ಟ್ರಾಪನ್ನು ಅದರ ಸುತ್ತ ಸುತ್ತಿ ಮೇಜಿನ ನಡುವೆ ಇಡಿ, ಇನ್ನೂ ಒಳ್ಳೆಯದೆಂದರೆ ಬ್ಯಾಗಿನೊಳಗೇ. ಲೈಟ್ ಸ್ಟ್ಯಾಂಡಿನ ಒಂದು ಕಾಲು ಭಾರ ವಾಲಿದ ಕಡೆಗಿರಲಿ, ಅದರ ಮೇಲೆ ಮರಳಿನ ಚೀಲ ಬೀಳಲಿ. ವೈರ್ ಹಾದುಹೋಗುವ ಕಡೆ ಬಟ್ಟೆಯ ಗ್ಯಾಫರ್ ಟೇಪ್ ಉದ್ದಕ್ಕೂ ಅಂಟಿಸಿ, ಅಲ್ಲೊಂದು ಇಲ್ಲೊಂದು ತುಂಡು ಸಾಲದು.

ಕೋಟೆಯ ಲೆಕ್ಕ ಬೇರೆ. ಅಲ್ಲಿ ಎಲ್ಲ ಕಡೆ ಕರಿಗಲ್ಲು, ಬಿದ್ದರೆ ಮಣ್ಣಿನಂತೆ ಮೆತ್ತಗಿರುವುದಿಲ್ಲ. ಇಕ್ಕಟ್ಟಾದ ಓಬವ್ವನ ಕಿಂಡಿಯಲ್ಲಿ ನುಸುಳುವಾಗ ಕೊರಳಿನ ಕ್ಯಾಮೆರಾ ಮುಂದಕ್ಕೆ ತೂಗಿ ಬಂಡೆಗೆ ಬಡಿಯುತ್ತದೆ, ಬೆನ್ನಿನ ಬ್ಯಾಗ್ ಮೇಲ್ಗಡೆ ಉಜ್ಜುತ್ತದೆ. ಒಳಹೋಗುವ ಮುಂಚೆ ಕ್ಯಾಮೆರಾ ಬ್ಯಾಗಿಗೆ ಹಾಕಿ, ಬ್ಯಾಗನ್ನು ಎದೆಗೆ ಅವುಚಿಕೊಂಡು ಹೋಗಿ. ಬಂಡೆಯಲ್ಲಿ ಕೊರೆದ ಸಣ್ಣ ಮೆಟ್ಟಿಲು ಹತ್ತುವ ಕಡೆಯೂ ಅಷ್ಟೇ. ಎರಡೂ ಕೈ ಬೇಕಾದ ಜಾಗದಲ್ಲಿ ಕ್ಯಾಮೆರಾ ಹೊರಗಿರಬಾರದು. ಮಂಗಗಳಿವೆ, ಆದ್ದರಿಂದ ಕ್ಯಾಮೆರಾ ಬ್ಯಾಗಿನಲ್ಲಿ ತಿಂಡಿ ಇಡಬೇಡಿ.

ಜೋಗಿಮಟ್ಟಿಯ ಮೇಲೆ ಗಾಳಿ ಜೋರು. ಟ್ರೈಪಾಡಿನ ನಡುಗಂಬ ಪೂರ್ತಿ ಇಳಿಸಿ, ತೆಳು ಕಾಲುಗಳನ್ನು ಎಳೆಯದೆ ದಪ್ಪನೆಯವನ್ನಷ್ಟೇ ಬಳಸಿ. ಒಂದು ಕಾಲು ಲೆನ್ಸಿನ ಕೆಳಗೇ ಬರಲಿ. ಇಳಿಜಾರಾದರೆ ತಗ್ಗಿನ ಕಡೆ ಎರಡು ಕಾಲು. ನಡುಗಂಬದ ಕೊಕ್ಕೆಗೆ ಬ್ಯಾಗ್ ನೇತುಹಾಕುವ ಪದ್ಧತಿ ಇದೆಯಲ್ಲ, ಬ್ಯಾಗ್ ತೂಗಾಡಿದರೆ ಅದೇ ಟ್ರೈಪಾಡನ್ನು ಎಳೆದು ಬೀಳಿಸುತ್ತದೆ. ಬ್ಯಾಗಿನ ತಳ ನೆಲಕ್ಕೆ ತಾಗುವಷ್ಟು ಇಳಿಸಿ ಕಟ್ಟಿ. ಬಾಲ್ ಹೆಡ್ (ಟ್ರೈಪಾಡಿನ ತುದಿಯಲ್ಲಿ ಕ್ಯಾಮೆರಾ ತಿರುಗಿಸುವ ಗುಂಡು) ಸಡಿಲಿಸುವ ಮುಂಚೆ ಇನ್ನೊಂದು ಕೈ ಲೆನ್ಸ್ ಹಿಡಿದಿರಬೇಕು. ಕ್ಯಾಮೆರಾವನ್ನು ಟ್ರೈಪಾಡಿಗೆ ಕೂರಿಸುವ ಆರ್ಕಾ ಪ್ಲೇಟಿನ ತುದಿಯಲ್ಲಿರುವ ಎರಡು ಪುಟ್ಟ ತಡೆ ಸ್ಕ್ರೂಗಳನ್ನು ತೆಗೆಯಬೇಡಿ, ಹಿಡಿತ ಸಡಿಲವಾದಾಗ ಪ್ಲೇಟ್ ಜಾರದಂತೆ ತಡೆಯುವುದು ಅವೇ.

ಮುಂದಿನ ಗಾಜಿನ ಮೇಲೆ ಯುವಿ ಫಿಲ್ಟರ್ ಹಾಕಿದರೆ ಲೆನ್ಸ್ ಬದುಕುತ್ತದೆ ಎಂಬ ನಂಬಿಕೆ ನನಗಿಲ್ಲ. ಅದು ಧೂಳು, ಬೆರಳಚ್ಚು, ಅಕ್ಷತೆ ತಡೆಯುತ್ತದೆ. ಬಿದ್ದಾಗ ಕಾಪಾಡುವುದು ಲೆನ್ಸಿನ ಮುಂದೆ ಹಾಕುವ ಪ್ಲಾಸ್ಟಿಕ್ ಕೊಳವೆ, ಅಂದರೆ ಹುಡ್: ಅದು ಬಾಗಿ, ಬೇಕಾದರೆ ತಾನು ಒಡೆದು, ಪೆಟ್ಟನ್ನು ತಾನೇ ನುಂಗುತ್ತದೆ. ಒಳಾಂಗಣದಲ್ಲೂ ಹುಡ್ ಇರಲಿ, ಅದೂ ನೇರವಾಗಿ. ಹಿಂದುಮುಂದಾಗಿ ಹಾಕಿದರೆ ಉಪಯೋಗವಿಲ್ಲ.

ಈಗ ಬ್ಯಾಗ್. ಯಾವ ಕಂಪನಿಯದಾದರೂ ಸರಿ, ಅಲುಗಾಡದಂತೆ ಒಳಗಿನ ವಿಭಾಗಗಳು ಬಿಗಿಯಾಗಿರಲಿ. ಜಿಪ್ ಒಂದೋ ಪೂರ್ತಿ ತೆರೆದಿರಬೇಕು, ಇಲ್ಲವೋ ಪೂರ್ತಿ ಮುಚ್ಚಿರಬೇಕು. "ಇನ್ನೇನು ತೆಗೀತೀನಲ್ಲ" ಅಂತ ಮುಚ್ಚಳ ಸುಮ್ಮನೆ ಮಡಚಿಟ್ಟ ಬ್ಯಾಗನ್ನು ಬೇರೆಯವರು ಎತ್ತಿದಾಗ ಲೆನ್ಸುಗಳು ಉದುರುತ್ತವೆ. ಬೈಕಿನಲ್ಲಿ ಬ್ಯಾಗ್ ಬೆನ್ನಿಗೇ ಇರಲಿ, ಟ್ಯಾಂಕ್ ಮೇಲೋ ಸ್ಕೂಟರಿನ ಕಾಲಿಡುವ ಜಾಗದಲ್ಲೋ ಬೇಡ: ಎಂಜಿನ್ನಿನ ಕಂಪನ ಸಣ್ಣ ಸ್ಕ್ರೂಗಳನ್ನು ಸಡಿಲಿಸುತ್ತದೆ. ಬಸ್ಸಿನಲ್ಲಿ ತೊಡೆಯ ಮೇಲೆ.

ಇಷ್ಟಾದರೂ ಬಿದ್ದರೆ? ತಕ್ಷಣ ಆನ್ ಮಾಡಿ ಪರೀಕ್ಷಿಸಬೇಡಿ, ಬ್ಯಾಟರಿ ತೆಗೆಯಿರಿ. ಫಿಲ್ಟರ್ ಒಡೆದಿದ್ದರೆ ಬಟ್ಟೆಯಿಂದ ಒರೆಸಬೇಡಿ, ಚೂರುಗಳು ಲೆನ್ಸಿನ ಗಾಜು ಗೀರುತ್ತವೆ. ಮುಖ ಕೆಳಗೆ ಮಾಡಿ ಬ್ಲೋವರ್‌ನಿಂದ ಊದಿ. ಜೂಮ್ ರಿಂಗ್ ಬಿಗಿಯಾಗಿದ್ದರೆ ಬಲವಂತ ಬೇಡ. ಕೆಲವು ಮಿರರ್‌ಲೆಸ್ ಬಾಡಿಗಳು ಆಫ್ ಆಗಿದ್ದಾಗ ಅಲ್ಲಾಡಿಸಿದರೆ ಕೈನಡುಕ ಸರಿಪಡಿಸಲು ಅಲ್ಲಾಡುವ ಸೆನ್ಸರ್ ಕಟಕಟ ಅನ್ನುತ್ತದೆ, ಅದು ಹಾನಿಯಲ್ಲ. ಎಲ್ಲ ಸರಿ ಕಂಡರೆ ಇಟ್ಟಿಗೆ ಗೋಡೆಗೆ ನೇರವಾಗಿ, ಟ್ರೈಪಾಡ್ ಮೇಲೆ, ಎಫ್ 2.8ರಲ್ಲಿ ಒಂದು ಫೋಟೋ ತೆಗೆದು ನಾಲ್ಕೂ ಮೂಲೆ ಹೋಲಿಸಿ. ಒಂದೇ ಮೂಲೆ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿರಬಹುದು, ಸರ್ವಿಸ್ ಸೆಂಟರಿಗೇ ಕಳಿಸಬೇಕು.

ವಾರಂಟಿ ಬಿದ್ದ ಪೆಟ್ಟಿಗೆ ಅನ್ವಯಿಸುವುದಿಲ್ಲ. ನೀವು ದುಡಿಮೆಗೆ ಬಳಸುವವರಾದ್ದರಿಂದ ಮನೆ ವಿಮೆಯ ಭರವಸೆಯ ಮೇಲೆ ಕೂರಬೇಡಿ, ವೃತ್ತಿ ಬಳಕೆಯನ್ನು ಸ್ಪಷ್ಟವಾಗಿ ಒಪ್ಪುವ ಆಲ್ ರಿಸ್ಕ್ (ಬಹುತೇಕ ಎಲ್ಲ ಬಗೆಯ ಹಾನಿಗೆ ಅನ್ವಯಿಸುವ) ಪಾಲಿಸಿ ಕೇಳಿ. ಆಕಸ್ಮಿಕ ಪೆಟ್ಟು ಸೇರಿದೆಯೇ, ಸವಕಳಿ ಎಷ್ಟು ಕಳೆಯುತ್ತಾರೆ, ನಿಮ್ಮ ಪಾಲಿನ ಮೊತ್ತ ಎಷ್ಟು ಎಂಬುದನ್ನು ಬರಹದಲ್ಲೇ ಪಡೆಯಿರಿ. ಬಾಡಿ, ಲೆನ್ಸ್ ಎರಡರ ಸೀರಿಯಲ್ ನಂಬರ್ ಪಾಲಿಸಿಯಲ್ಲೂ ಜಿಎಸ್‌ಟಿ ಬಿಲ್ಲಿನಲ್ಲೂ ಒಂದೇ ಇರಬೇಕು. ಬಿದ್ದ ಮೇಲೆ ರಿಪೇರಿಗೆ ಕೊಡುವ ಮುಂಚೆಯೇ ಫೋಟೋ ತೆಗೆದು ವಿಮೆಯವರಿಗೆ ತಿಳಿಸಿ, ಬಿಚ್ಚಿದ ಮೇಲೆ ತಿಳಿಸಿದರೆ ಕ್ಲೇಮ್ ಕಷ್ಟ.