ತಾತನ ಟ್ರಂಕಿನಲ್ಲಿ ಸಿಕ್ಕ ರಿವಾಲ್ವರ್‌ಗೆ ಬೆಲೆ ಎಷ್ಟು?

ಓದುಗರ ಪ್ರಶ್ನೆಗಳಿಗೆ ತುಮಕೂರಿನ ನಿವೃತ್ತ ಪೊಲೀಸ್ ಆರ್ಮರರ್ (ಇಲಾಖೆಯ ಕೋವಿ ನೋಡಿಕೊಳ್ಳುವವರು) ಉತ್ತರ

ಪ್ರಶ್ನೆ: ಸರ್, ನಮ್ಮ ತಾತ ಕೆಜಿಎಫ್‌ನಲ್ಲಿ ಗಣಿ ದೊರೆಯೊಬ್ಬರ ಬಂಗಲೆಯಲ್ಲಿ ಬಟ್ಲರ್ ಆಗಿದ್ದರು. ದೊರೆ ಇಂಗ್ಲೆಂಡಿಗೆ ವಾಪಸ್ ಹೋಗುವಾಗ ತಾತನಿಗೆ ಒಂದು ರಿವಾಲ್ವರ್ ಕೊಟ್ಟು ಹೋದರಂತೆ. ಈಗ ಬಂಗಾರಪೇಟೆಯ ಮನೆ ಪಾಲಾಗುತ್ತಿದೆ. ಟ್ರಂಕು ತೆಗೆದಾಗ ಅದು ಸಿಕ್ಕಿತು, ಜೊತೆಗೆ ಹಸಿರುಗಟ್ಟಿದ ನಾಲ್ಕು ತೋಟಾ. ಎಡಗಡೆ ‘ವೆಬ್ಲಿ ಪೇಟೆಂಟ್ಸ್ 1917’ ಅಂತ ಕೊರೆದಿದೆ. ಲೈಸೆನ್ಸ್ ಸಿಕ್ಕಿಲ್ಲ. ಅಮೆರಿಕದಲ್ಲಿ ಇದಕ್ಕೆ ಒಳ್ಳೇ ಬೆಲೆ ಇದೆ ಅಂತ ಮೊಬೈಲಲ್ಲಿ ನೋಡಿದೆವು. ಚಿಕ್ಕಪ್ಪ ಮಾತ್ರ ‘ಇದು ಮಿಲ್ಟ್ರಿಯಿಂದ ಕದ್ದ ಮಾಲು’ ಅಂತ ಹೆದರಿಸುತ್ತಿದ್ದಾರೆ. ನಮಗೆ ಎಷ್ಟು ಸಿಗಬಹುದು? ಪಾಲಿಗೆ ಸೇರಿಸಬೇಕು. ಮನೆ ತುಂಬ ಮಕ್ಕಳಿದ್ದಾರೆ, ಬೇಗ ತಿಳಿಸಿ. ಫೋಟೋ ಇಟ್ಟಿದ್ದೇನೆ.

ಉತ್ತರ: ಬೆಲೆ ಆಮೇಲೆ. ಮೊದಲು ಅದನ್ನು ಮುಟ್ಟೋದು ನಿಲ್ಲಿಸಿ. ಸೀಮೆಎಣ್ಣೆ ಹಾಕಿ ಉಜ್ಜಬೇಡಿ, ಟ್ರಿಗರ್ ಎಳೆದು ನೋಡಬೇಡಿ. ಅಷ್ಟು ಹಳೇ ತೋಟಾ ಹಾರದೇ ಇರಬಹುದು, ಹಾರಲೂಬಹುದು. ಫೋಟೋದಲ್ಲಿ ಸಿಲಿಂಡರ್ ಮುಚ್ಚಿದೆ. ಒಳಗೆ ಇನ್ನೊಂದು ತೋಟಾ ಕೂತಿಲ್ಲ ಅಂತ ಯಾರು ಹೇಳ್ತಾರೆ? ಟ್ರಂಕಿಗೆ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರವೇ ಇರಲಿ.

ಈಗ ಗುರುತು. ಇದು ವೆಬ್ಲಿ ಮಾರ್ಕ್ 6, ಅಂದರೆ ಆರನೇ ಮಾದರಿ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಮಾಲು. ಬ್ರಿಟಿಷ್ ಸೈನ್ಯ ಇದನ್ನು 1915ರಲ್ಲಿ ಬಳಕೆಗೆ ತಂದಿತು. ನಿಮ್ಮದರ ಮೇಲಿರುವ 1917 ತಯಾರಾದ ವರ್ಷ. ನಳಿಗೆ 6 ಇಂಚು, ಆರು ಗುಂಡು, ತೂಕ ಒಂದು ಕಿಲೋಗಿಂತ ಜಾಸ್ತಿ. ಇದಕ್ಕೂ ಹಿಂದಿನ ಮಾರ್ಕ್‌ಗಳ ಹಿಡಿಕೆ ದುಂಡಗೆ ಬಾಗಿರುತ್ತಿತ್ತು, ನಿಮ್ಮದರದು ಚೌಕಾಕಾರ. ಎಡಗಡೆ ಹೆಬ್ಬೆರಳಿಗೆ ಸಿಗೋ ಹಾಗೆ ಒಂದು ಕೊಂಡಿ ಇದೆಯಲ್ಲ, ಅದನ್ನು ಒತ್ತಿದರೆ ನಳಿಗೆ ಮುಂದಕ್ಕೆ ಮಡಚಿಕೊಂಡು, ಖಾಲಿ ತೋಟಾಗಳು ತಾವಾಗಿಯೇ ಮೇಲೆದ್ದು ಬೀಳುತ್ತವೆ. (ನೀವು ಒತ್ತಬೇಡಿ, ಸುಮ್ನೆ ಹೇಳಿದೆ.) ಹಿಡಿಕೆಯ ತಳದ ಉಂಗುರ ದಾರ ಕಟ್ಟೋಕೆ. ಕೈಜಾರಿದರೂ ರಿವಾಲ್ವರ್ ಕೆಸರಿಗೆ ಬೀಳದೆ ಜೋತಾಡುತ್ತಿರಲಿ ಅಂತ.

ಚಿಕ್ಕಪ್ಪನವರಿಗೆ ಉತ್ತರ ನಿಮ್ಮ ಎರಡನೇ ಫೋಟೋದಲ್ಲೇ ಇದೆ. ಫ್ರೇಮಿನ ಮೇಲೆ ಎರಡು ಸಣ್ಣ ಬಾಣದ ಗುರುತು, ಮೂತಿಗೆ ಮೂತಿ ತಾಗಿಸಿಕೊಂಡು ಕೂತಿವೆ. ಭೂತಗನ್ನಡಿ ಹಿಡಿದು ನೋಡಿದೆ, ಅನುಮಾನವೇ ಇಲ್ಲ. ಒಂಟಿ ಬಾಣ ಇದ್ದರೆ ಬ್ರಿಟಿಷ್ ಸರ್ಕಾರದ ಸ್ವತ್ತು ಅಂತ ಲೆಕ್ಕ. ಎರಡು ಹೀಗೆ ಎದುರುಬದುರಾಗಿದ್ದರೆ ಸೈನ್ಯ ಅದನ್ನು ತನ್ನ ಲೆಕ್ಕದಿಂದ ತೆಗೆದು ಮಾರಿದೆ ಅಂತ. ಆ ಕಾಲದ ಇಂಗ್ಲಿಷ್ ಅಧಿಕಾರಿಗಳು ರಿವಾಲ್ವರನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳೋದೂ ಇತ್ತು. ಹಾಗಾಗಿ ದೊರೆಯ ಮೇಲೆ ಕಳ್ಳತನ ಹೊರಿಸೋದು ಬೇಡ.

ಇನ್ನು ಬೆಲೆ. ಸೊನ್ನೆ.

ಬೇಜಾರಾಗಬೇಡಿ, ಕಾರಣ ಹೇಳ್ತೀನಿ. ನಮ್ಮಲ್ಲಿ ಕೋವಿಯ ಬೆಲೆ ನಿಂತಿರೋದು ಬೋರಿನ, ಅಂದರೆ ನಳಿಗೆಯ ಒಳತೂತಿನ, ಅಳತೆ ಮೇಲೆ, ಕೈಯಲ್ಲಿರೋ ಲೈಸೆನ್ಸ್ ಮೇಲೆ. ಮಾರ್ಕ್ 6ರ ಬೋರು .455. ಸೇನೆಯ ತೋಟಾ ಯಾವುದಕ್ಕೆ ಹೋಗುತ್ತದೋ ಅದು ನಿಷೇಧಿತ ಬೋರು. .303 ರೈಫಲ್, .410 ಮಸ್ಕೆಟ್, .380 ಮತ್ತು .455 ರಿವಾಲ್ವರ್, 9 ಎಂಎಂ ಪಿಸ್ತೂಲು ಎಲ್ಲ ಅದೇ ಪಟ್ಟಿಯವು. ಇವಕ್ಕೆ ಲೈಸೆನ್ಸ್ ಕೊಡೋದು ಜಿಲ್ಲಾಧಿಕಾರಿ ಅಲ್ಲ, ಕೇಂದ್ರ ಗೃಹ ಇಲಾಖೆ. ಅಂಥ ಲೈಸೆನ್ಸ್ ಇರುವವನಿಗೆ ಮಾತ್ರ ಮಾರಬಹುದು. ಅವನನ್ನು ಎಲ್ಲಿಂದ ಹುಡುಕಿ ತರ್ತೀರಿ? ಅದೇ ವೆಬ್ಲಿ ಕಂಪನಿಯ .32 ರಿವಾಲ್ವರ್ ಆಗಿದ್ದು, ತಾತನ ಹೆಸರಲ್ಲಿ ಲೈಸೆನ್ಸೂ ಇದ್ದಿದ್ದರೆ ಕಥೆಯೇ ಬೇರೆ. 1980ರ ದಶಕದಿಂದ ಹೊರದೇಶದ ಕೋವಿ ತರಿಸೋದು ನಿಂತುಹೋಗಿದೆ. ಆ ಹಳೇ .32ಗಳಿಗೆ ಇವತ್ತು ಲಕ್ಷಗಟ್ಟಲೆ ಕೊಡೋರು ಇದ್ದಾರೆ. ಅಮೆರಿಕದ ಬೆಲೆ ಅಮೆರಿಕದವರಿಗೆ ಬಿಡಿ.

ಬೆಲೆ ಇಲ್ಲ ಅಂದ್ರೂ ಭಾರ ಇದೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ, ನಿಷೇಧಿತ ಬೋರಿನ ಕೋವಿ ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಶಿಕ್ಷೆ ಕನಿಷ್ಠ 7 ವರ್ಷ, 14ರವರೆಗೂ ಹೋಗಬಹುದು. ‘ಹಳೇ ಕಾಲದ್ದು, ಶೋಕೇಸಿಗೆ ಇಟ್ಕೋತೀವಿ’ ಅನ್ನೋ ಮಾತೂ ನಡೆಯಲ್ಲ. ಕಾಯ್ದೆಯ 45ನೇ ಕಲಮಿನ ವಿನಾಯಿತಿ, ರಿಪೇರಿ ಮಾಡಿದರೂ ಹಾರದಂಥ ಕೋವಿಗೆ ಮಾತ್ರ. ಫೋಟೋ ನೋಡಿದರೆ ನಿಮ್ಮದು ಗಟ್ಟಿಮುಟ್ಟಾಗಿದೆ. ಕೊಡಗಿನವರಿಗೆ ಲೈಸೆನ್ಸ್ ಬೇಡವಲ್ಲ ಅಂತ ಯಾರಾದರೂ ಹೇಳಿಯಾರು. ಅದು ಕೊಡವರಿಗೆ ಮತ್ತು ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರೋ ವಿನಾಯಿತಿ. ಕೋಲಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ದಾರಿ ಇದೆ. ಕಾಯ್ದೆಯ 21ನೇ ಕಲಮಿನಲ್ಲಿ ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಗೆ ಒಪ್ಪಿಸಲು ಅವಕಾಶ ಕೊಟ್ಟಿದ್ದಾರೆ. ಆದರೆ ಬ್ಯಾಗಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಡಿ. ದಾರಿಯಲ್ಲಿ ಯಾರಾದರೂ ತಡೆದರೆ ‘ಒಪ್ಪಿಸೋಕೇ ಹೊರಟಿದ್ದೆ’ ಅಂದ್ರೆ ನಂಬ್ತಾರಾ? ವಕೀಲರೊಬ್ಬರ ಕೈಲಿ ಅರ್ಜಿ ಬರೆಸಿ: ತಾತನ ಹೆಸರು, ತೀರಿಕೊಂಡ ದಿನ, ಟ್ರಂಕಿನಲ್ಲಿ ಸಿಕ್ಕ ದಿನ, ಕೋವಿಯ ನಂಬರು, ತೋಟಾ ಎಷ್ಟು. ಅದನ್ನು ಠಾಣೆಗೆ ಕೊಟ್ಟು, ಅವರೇ ಮನೆಗೆ ಬಂದು ತೆಗೆದುಕೊಂಡು ಹೋಗಲಿ ಅಂತ ಕೇಳಿ. ನಂಬರು ಬರೆದ ರಸೀದಿ ಪಡೆಯದೆ ಕೊಡಬೇಡಿ. ಪಾಲುಪಟ್ಟಿಯಲ್ಲಿ ಇದಕ್ಕೊಂದು ಬೆಲೆ ಕಟ್ಟಿ ಬರೆಸೋದಂತೂ ಬೇಡ.

ಕೊಡುವ ಮುಂಚೆ ತಾತನ ಕಾಗದದ ಕಟ್ಟು ಇನ್ನೊಂದು ಸಲ ಜಾಲಾಡಿ. ಚುನಾವಣೆ ಬಂದಾಗ ಲೈಸೆನ್ಸ್ ಇರೋರು ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗುತ್ತಲ್ಲ, ಅಂಥ ಹಳೇ ರಸೀದಿ ಒಂದೇ ಒಂದು ಸಿಕ್ಕರೂ ಸಾಕು. ಅದನ್ನು ಹಿಡಿದು ಕೋಲಾರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹಳೇ ರಿಜಿಸ್ಟರ್ ಹುಡುಕಿಸಬಹುದು. ತಾತನ ಹೆಸರು ಅದರಲ್ಲಿದ್ದರೆ ವಾರಸುದಾರರಾಗಿ ನೀವು ಅರ್ಜಿ ಹಾಕೋಕೆ ಒಂದು ಆಧಾರ ಸಿಗುತ್ತೆ. ನಿಷೇಧಿತ ಬೋರು ಆದ್ದರಿಂದ ಸಿಕ್ಕೇ ಸಿಗುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಮಧುಗಿರಿ ತಾಲ್ಲೂಕಿನವನು. ಅಪ್ಪನ ಹತ್ತಿರ ಬೆಳೆ ಕಾಯೋಕೆ ಮದ್ದು ತುಂಬುವ ಕೋವಿ ಇದೆ, ಲೈಸೆನ್ಸೂ ಇದೆ. ಅಪ್ಪನಿಗೆ ಈಗ 74. ನನ್ನ ಹೆಸರಿಗೆ ಮಾಡಿಸಬಹುದಾ, ಅಥವಾ ಅವರ ಕಾಲ ಆಗೋವರೆಗೆ ಕಾಯಬೇಕಾ?

ಉತ್ತರ: ಕಾಯಬೇಕಿಲ್ಲ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಲೈಸೆನ್ಸುದಾರರಿಗೆ 70 ತುಂಬಿದ್ದರೆ, ಇಲ್ಲವೇ ಕೋವಿ ಅವರ ಹತ್ತಿರ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೇಳಬಹುದು. ಅಣ್ಣತಮ್ಮಂದಿರು, ಅಕ್ಕತಂಗಿಯರಿದ್ದರೆ ಅವರ ಒಪ್ಪಿಗೆ ಪತ್ರ ಈಗಲೇ ಬರೆಸಿಟ್ಟುಕೊಳ್ಳಿ. ಅರ್ಜಿ ನಿಲ್ಲೋದು ಹೆಚ್ಚಾಗಿ ಅಲ್ಲೇ. ಲೈಸೆನ್ಸ್ ನಿಮ್ಮ ಕೈಗೆ ಬರುವ ತನಕ ಆ ಕೋವಿ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋಗಬೇಡಿ, ಅಪ್ಪನದೇ ಆದರೂ.