ಆ 4.5 ವೋಲ್ಟ್ ಎಲ್ಲಿಂದ ಬಂತು?

ನಮಸ್ಕಾರ,

ಮಲ್ಟಿಮೀಟರ್ ಬಳಸುವುದರ ಬಗ್ಗೆ ನೀವು ಕಳಿಸಿದ ‘ಬಹುಮಾಪಕದ ಬಳಕೆ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಎರಡನೇ ಪುಟದಲ್ಲಿ ಹೀಗಿದೆ: 9 ವೋಲ್ಟ್ ಬ್ಯಾಟರಿಗೆ 1 ಮೆಗಾ ಓಮ್‌ನ (ಹತ್ತು ಲಕ್ಷ ಓಮ್) ಎರಡು ರೆಸಿಸ್ಟರ್‌ಗಳನ್ನು, ಅಂದರೆ ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗಗಳನ್ನು, ಒಂದರ ಹಿಂದೆ ಒಂದು ಜೋಡಿಸಿದೆ, ಒಂದರ ಎರಡೂ ತುದಿಗೆ ಮೀಟರ್ ಹಿಡಿದೆ, ಸರಿಯಾಗಿ 4.5 ವೋಲ್ಟ್ ಬಂತು. ಅನುಮಾನ ಬಂತು, ನಾನೂ ಜೋಡಿಸಿ ನೋಡಿದೆ. ನನ್ನದು ಅಗ್ಗದ ಹಳದಿ ಮೀಟರ್. ಬ್ಯಾಟರಿ 9.3 ತೋರಿಸಿತು. ರೆಸಿಸ್ಟರ್ ಮೇಲೆ ಇಟ್ಟರೆ ಬರೀ 3.1!

ಮೀಟರ್ ಕೆಟ್ಟಿರಲಿಲ್ಲ. ಇಂಥ ಮೀಟರ್‌ನ ಒಳತಡೆಯೂ ಸುಮಾರು 1 ಮೆಗಾ ಓಮ್. ಮೀಟರ್‌ನ ಪ್ರೋಬ್ (ವೈರಿನ ತುದಿಯ ಮುಳ್ಳು) ಇಟ್ಟ ಕೂಡಲೇ ಕರೆಂಟಿಗೆ ಪಕ್ಕದಲ್ಲೇ ಇನ್ನೊಂದು ದಾರಿ ಸಿಗುತ್ತದೆ. ರೆಸಿಸ್ಟರ್, ಮೀಟರ್ ಎರಡೂ ಸೇರಿ ಅರ್ಧ ಮೆಗಾ ಓಮ್ ಆಗಿಬಿಡುತ್ತವೆ. ಹಾಗಾಗಿ ಅಲ್ಲಿ ಉಳಿಯುವುದು ಬ್ಯಾಟರಿ ವೋಲ್ಟೇಜಿನ ಮೂರನೇ ಒಂದು ಪಾಲು. 10 ಮೆಗಾ ಓಮ್ ಒಳತಡೆಯ ಒಳ್ಳೆ ಮೀಟರ್ ಆದರೂ ಇದೇ ಬ್ಯಾಟರಿಗೆ 4.4ರ ಆಸುಪಾಸು ತೋರಿಸುತ್ತದೆ, ಅರ್ಧವಾದ 4.65 ಅಲ್ಲ. ನೀವು ಮೀಟರ್ ಮುಟ್ಟದೆ, ಒಂಬತ್ತನ್ನು ಎರಡರಿಂದ ಭಾಗಿಸಿ ಬರೆದಿದ್ದೀರಿ, ಅಲ್ವಾ? ನಿಜವಾಗಿ ಅಳೆದಿದ್ದರೆ ಆ 3.1ರ ಗೊಂದಲವೇ ನಿಮ್ಮ ಲೇಖನ ಆಗುತ್ತಿತ್ತು.

ಇನ್ನು ಐದನೇ ಪುಟ. ‘10 ಆಂಪಿಯರ್‌ಗೆ ಇಟ್ಟು ಗೋಡೆಯ ಸಾಕೆಟ್‌ನಲ್ಲಿ ಎಷ್ಟು ಕರೆಂಟ್ ಇದೆ ನೋಡಬಹುದು’ ಎಂಬ ಸಾಲನ್ನು ಈಗಲೇ ಹೊಡೆದುಹಾಕಿ. ಕರೆಂಟ್ ಅಳೆಯುವಾಗ ಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ತಂತಿ ತುಂಡು. ಅದನ್ನು 230 ವೋಲ್ಟಿಗೆ ಚುಚ್ಚಿದರೆ ಶಾರ್ಟ್ ಸರ್ಕ್ಯೂಟ್. ಅಗ್ಗದ ಎಷ್ಟೋ ಮೀಟರ್‌ಗಳ 10 ಆಂಪಿಯರ್ ತೂತಿಗೆ ಫ್ಯೂಸೇ ಇರುವುದಿಲ್ಲ. ಓದುಗರ ಮನೆಯ ಹುಡುಗ ನಿಮ್ಮ ಮಾತು ನಂಬಿ ಮಾಡಿಬಿಟ್ಟರೆ? ಕರೆಂಟ್ ಅಳೆಯಲು ಸರ್ಕ್ಯೂಟನ್ನು ಒಂದು ಕಡೆ ಬಿಡಿಸಿ, ಆ ಸಂದಿಯಲ್ಲಿ ಮೀಟರ್ ಸೇರಿಸಬೇಕು. 9 ವೋಲ್ಟ್ ಬ್ಯಾಟರಿ, 330 ಓಮ್, ಒಂದು ಕೆಂಪು ಎಲ್‌ಇಡಿ ಸಾಕು. 20 ಮಿಲಿ ಆಂಪಿಯರ್ ಹತ್ತಿರ ಬರುತ್ತದೆ.

ನನ್ನದೇ ಪೆದ್ದುತನ ಹೇಳಿಬಿಡುತ್ತೇನೆ. ಒಮ್ಮೆ ಕರೆಂಟ್ ಅಳೆದ ಮೇಲೆ ಕೆಂಪು ವೈರನ್ನು 10 ಆಂಪಿಯರ್ ತೂತಿನಲ್ಲೇ ಮರೆತೆ. ನಾಬ್ ಮಾತ್ರ ವೋಲ್ಟಿಗೆ ತಿರುಗಿಸಿ ಬೈಕಿನ ಬ್ಯಾಟರಿಗೆ ಇಟ್ಟೆ. ಟಪ್ ಅಂತ ಕಿಡಿ, ಪ್ರೋಬ್ ತುದಿ ಕರಗಿ ಸಾಸಿವೆ ಕಾಳಿನಂತಾಯಿತು. ಇಂಥದ್ದು ನಿಮಗೂ ಆಗಿದ್ದರೆ ಮುಚ್ಚಿಡಬೇಡಿ, ಬರೆಯಿರಿ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಂಗಡಿಗೆ ಹೋಗಿ ‘ಬಹುಮಾಪಕ ಕೊಡಿ’ ಅಂತ ಕೇಳುವವರನ್ನು ನಾನು ನೋಡಿಲ್ಲ. ‘ವಿಭವಾಂತರ’ವೂ ಬೇಡ, ವೋಲ್ಟೇಜ್ ಅಂದರೆ ಸಾಕು. ಒಂದೂವರೆ ಪುಟದ ಇತಿಹಾಸಕ್ಕೂ ಕತ್ತರಿ. ವೋಲ್ಟ್, ಆಂಪಿಯರ್, ಓಮ್ ಅಳೆಯಲು ಬೇರೆ ಬೇರೆ ಉಪಕರಣ ಹೊತ್ತು ಬೇಸತ್ತ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮಕಾಡಿ 1920ರ ದಶಕದಲ್ಲಿ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತಂದ ಅಂದರೆ ಮುಗಿಯಿತು.

ಒಂದು ಸಾಲು ಮಾತ್ರ ತುಂಬಾ ಹಿಡಿಸಿತು. ಹೆಚ್ಚು ಓಮ್‌ನ ರೆಸಿಸ್ಟರನ್ನು ಎರಡೂ ಕೈ ಬೆರಳಲ್ಲಿ ಒತ್ತಿ ಹಿಡಿದು ಅಳೆದಾಗ ಓಮ್ ಕಡಿಮೆ ಬಂತು, ಬೆರಳು ಒದ್ದೆಯಿದ್ದರೆ ಇನ್ನೂ ಇಳಿಯಿತು ಅಂದಿದ್ದೀರಲ್ಲ, ಅದು. ಅದನ್ನು ನೀವು ಕಣ್ಣಾರೆ ನೋಡಿದ್ದೀರಿ. ಲೇಖನ ಅಲ್ಲಿಂದಲೇ ಶುರು ಮಾಡಿ. ತಿದ್ದಿ ಕಳಿಸುವಾಗ ನಿಮ್ಮ ಬ್ಯಾಟರಿ ಎಷ್ಟು ತೋರಿಸಿತು ಅನ್ನುವುದನ್ನೂ ಬರೆಯಿರಿ, ದಶಮಾಂಶ ಸಮೇತ.